ತೋಟದ ಕಸ ಎಷ್ಟು ಸಲ ಎತ್ತಬೇಕು? ಟೆಂಪೋ, ಗುಡ್ಡೆ, ಗುಂಡಿ, ಮೆಷಿನ್, ಎರೆಹುಳು: ಒಂದು ಹೋಲಿಕೆ

ತೋಟದ ಗುತ್ತಿಗೆ ಕೊಡುವಾಗ ಅಪಾರ್ಟ್‌ಮೆಂಟ್ ಕಮಿಟಿಯವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಎಷ್ಟು ಜನ ಬರ್ತೀರಿ, ವಾರಕ್ಕೆ ಎಷ್ಟು ಸಲ, ಔಷಧಿ ಯಾರದ್ದು, ಗೊಬ್ಬರ ಯಾರದ್ದು. ಕತ್ತರಿಸಿದ್ದೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಕೇಳುವವರು ಅಪರೂಪ. ಯಾರಾದರೂ ಕೇಳಿದರೆ ಅದಕ್ಕೂ ಈಗ ಉತ್ತರ ಸಿದ್ಧವಾಗಿದೆ: "ಕಾಂಪೋಸ್ಟ್ ಮಾಡ್ತೀವಿ ಸಾರ್." ಎಲ್ಲಿ, ಹೇಗೆ, ಯಾರ ಕೈಯಲ್ಲಿ ಅನ್ನೋ ಮಾತು ಮುಂದಕ್ಕೆ ಹೋಗುವುದೇ ಇಲ್ಲ.

ನಾನು ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಒಂದು ಸಣ್ಣ ತಂಡ ಇಟ್ಟುಕೊಂಡು ತೋಟ ನೋಡಿಕೊಳ್ಳುತ್ತೇನೆ. ಕೆಲವು ಹಳೇ ಮನೆಗಳು, ಕೆಲವು ಅಪಾರ್ಟ್‌ಮೆಂಟುಗಳು. ಒಂದೊಂದು ಜಾಗದ್ದು ಒಂದೊಂದು ತಕರಾರು. ಹಾಗಾಗಿ ಬೇಕೋ ಬೇಡವೋ, ಕಸದ ವಿಷಯದಲ್ಲಿ ಹೆಚ್ಚುಕಮ್ಮಿ ಎಲ್ಲ ದಾರಿಗಳನ್ನೂ ಮಾಡಿ ನೋಡುವ ಹಾಗಾಯಿತು. ಯಾವುದು ವಾಸಿ ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೋಲಿಸೋಕೆ ನಾನು ಇಟ್ಟುಕೊಂಡ ಅಳತೆ ಒಂದೇ. ಮರದಿಂದ ಬಿದ್ದ ಎಲೆಯನ್ನು ಎಷ್ಟು ಸಲ ಎತ್ತಬೇಕು? ಗುಡಿಸಿ ಒಟ್ಟು ಮಾಡಿದ್ದು ಒಂದು. ಗೋಣಿಚೀಲಕ್ಕೆ ತುಂಬಿದ್ದು ಎರಡು. ಗೇಟಿನ ತನಕ ಹೊತ್ತಿದ್ದು ಮೂರು. ಗಾಡಿಗೆ ಏರಿಸಿದ್ದು ನಾಲ್ಕು. ಪ್ರತಿ ಸಲಕ್ಕೂ ಕೂಲಿ ಇದೆ, ಯಾರದ್ದೋ ಸೊಂಟ ಇದೆ. ಕೊಳೆಯುವ ಕೆಲಸವನ್ನು ಸೂಕ್ಷ್ಮಜೀವಿಗಳು ಪುಕ್ಕಟೆ ಮಾಡಿಕೊಡುತ್ತವೆ. ದುಡ್ಡು ಹೋಗೋದೆಲ್ಲ ಎತ್ತೋದಕ್ಕೇ.

ಇನ್ನೊಂದು ಮಾತು ಮೊದಲೇ ಹೇಳಬೇಕು. ತೋಟದ ಕಸ ಅಂದರೆ ಒಂದೇ ಥರದ್ದಲ್ಲ. ಸಂಕ್ರಾಂತಿ ಕಳೆದ ಮೇಲೆ ಯುಗಾದಿ ತನಕ ತರಗೆಲೆಯ ಕಾಲ. ಹೊಂಗೆ, ಮಳೆಮರ, ಬಾದಾಮಿ, ಮಹಾಗನಿ ಎಲ್ಲ ಒಟ್ಟೊಟ್ಟಿಗೆ ಉದುರಿಸುತ್ತವೆ. ಮಳೆ ಶುರುವಾದ ಮೇಲೆ ಹುಲ್ಲು, ಹೆಡ್ಜ್ ಕಟಿಂಗ್, ಕಳೆ. ತೆಂಗಿನ ಗರಿಗೆ ಕಾಲ ಅಂತಿಲ್ಲ, ವರ್ಷಪೂರ್ತಿ ಬೀಳುತ್ತದೆ. ಗೊಬ್ಬರ ಬೇಗ ಆಗಬೇಕಾದರೆ ಸಾರಜನಕ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇರಬೇಕು ಅನ್ನುತ್ತಾರೆ. ಒಣ ಎಲೆ ಮಾತ್ರ ಇದ್ದರೆ ಇಂಗಾಲ ಅದಕ್ಕಿಂತ ತುಂಬಾ ಮೇಲೆ ಹೋಗುತ್ತದೆ, ಹಸಿ ಹುಲ್ಲು ಮಾತ್ರ ಇದ್ದರೆ 20ರ ಆಸುಪಾಸಿಗೆ ಇಳಿಯುತ್ತದೆ. ಎರಡನ್ನೂ ಬೆರೆಸಿದರೆ ಸರಿಹೋಗುತ್ತೆ, ನಿಜ. ಆದರೆ ನಮ್ಮೂರಲ್ಲಿ ಒಣ ಎಲೆ ಬೀಳುವ ಹೊತ್ತಿಗೆ ಹಸಿ ಕಸ ಇರಲ್ಲ, ಹಸಿ ಕಸ ಬರುವ ಹೊತ್ತಿಗೆ ಒಣ ಎಲೆ ಖಾಲಿ. ಬಹಳ ಜನ ಗೊಬ್ಬರ ಮಾಡೋಕೆ ಹೋಗಿ ಕೈಬಿಡೋದು ಇಲ್ಲೇ. ಫೆಬ್ರವರಿಯಲ್ಲಿ ಹಾಕಿದ್ದು ಜೂನ್ ಆದರೂ ಎಲೆಯಾಗೇ ಇರುತ್ತದೆ. ಜುಲೈನಲ್ಲಿ ಹಾಕಿದ್ದು ವಾರಕ್ಕೇ ನಾರುತ್ತದೆ.

ಟೆಂಪೋಗೆ ಹಾಕಿ ಕಳಿಸೋದು

ಎಲ್ಲರಿಗೂ ಇಷ್ಟವಾದ ದಾರಿ ಇದು. ಸಂಜೆ ಹೊತ್ತಿಗೆ ಅಂಗಳ ಚೊಕ್ಕ, ಯಾರಿಗೂ ತಲೆನೋವಿಲ್ಲ. ಆದರೆ ನನ್ನ ಅಳತೆಯಲ್ಲಿ ಇದು ಎಲ್ಲಕ್ಕಿಂತ ಕೆಳಗೆ. ನಾಲ್ಕು ಸಲ ನಾವು ಎತ್ತುತ್ತೇವೆ, ಐದನೇದು ಅದನ್ನು ಇಳಿಸುವವರ ಪಾಲು. ಅದೂ ಎಂಥ ಸಾಮಾನು? ಬಾದಾಮಿ ಎಲೆ ತುಂಬಿದ ಚೀಲದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಗಾಳಿ. ಟಾಟಾ ಏಸ್ ಗಾಡಿ ತುಂಬಿತು ಅಂದರೂ ತೂಕ ಹಾಕಿದರೆ ನಗು ಬರುತ್ತದೆ. ಡೀಸೆಲ್ ಸುಟ್ಟು ಗಾಳಿ ಸಾಗಿಸಿದ ಹಾಗೆ.

ಗಾಡಿ ಎಲ್ಲಿಗೆ ಹೋಗುತ್ತೆ ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ. ನಾವು ಬಾಡಿಗೆಗೆ ಹಿಡಿದಿದ್ದ ಗಾಡಿಯವರೊಬ್ಬರು ಎಲ್ಲವನ್ನೂ ಒಂದು ಕೆರೆಯ ಅಂಚಿಗೆ ಸುರಿದು ಬರುತ್ತಿದ್ದರು. ಬೇರೆ ಮಾಲಿಯೊಬ್ಬರು ನೋಡಿ ಹೇಳಿದ ಮೇಲೆ ಗೊತ್ತಾಯಿತು. ಬೆಂಗಳೂರಿನ ಕಸದ ಕತೆ ಗೊತ್ತಿರುವವರಿಗೆ ಇದು ಹೊಸದೇನಲ್ಲ. ನಗರದ ಕಸವನ್ನು ಹೊರಗಿನ ಹಳ್ಳಿಗಳಾದ ಮಾವಳ್ಳಿಪುರದಲ್ಲಿ ಸುರಿಯೋದು 2012ರಲ್ಲಿ ನಿಂತಿತು, ಮಂಡೂರಿನಲ್ಲಿ 2014ರ ಕೊನೆಗೆ. ಎರಡೂ ಕಡೆ ಊರಿನವರು ರಸ್ತೆಗೆ ಇಳಿದ ಮೇಲೆ. ನಮ್ಮ ಹೊಂಗೆ ಎಲೆ ಇನ್ನೊಬ್ಬರ ಊರಿಗೆ ಹೋಗುವ ಅಗತ್ಯವಾದರೂ ಏನು?

ಕಾನೂನು ಕೂಡ ಇದನ್ನೇ ಹೇಳುತ್ತದೆ. 2016ರ ಘನತ್ಯಾಜ್ಯ ನಿಯಮದಲ್ಲೇ ತೋಟದ ಕಸವನ್ನು ಅವರವರ ಜಾಗದಲ್ಲೇ ಬೇರೆಯಾಗಿ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಹೇಳಿದ ಹಾಗೆ ವಿಲೇವಾರಿ ಮಾಡಬೇಕು ಅಂತ ಬರೆದಿದ್ದರು. ಬೆಂಕಿ ಹಾಕುವ ಹಾಗಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಕೊಟ್ಟಿತು. ಆದರೂ ಫೆಬ್ರವರಿ ಬೆಳಿಗ್ಗೆ ಯಾವ ಬಡಾವಣೆಗೆ ಬೇಕಾದರೂ ಹೋಗಿ, ಮೋರಿ ಪಕ್ಕ ಒಂದು ಗುಡ್ಡೆ ಹೊಗೆಯಾಡ್ತಾ ಇರುತ್ತೆ. ಸುಡೋದನ್ನು ನಾನು ಈ ಹೋಲಿಕೆಗೇ ಸೇರಿಸಿಲ್ಲ.

ಇಂದೋರ್ ಗುಡ್ಡೆ, ಬೆಂಗಳೂರು ಗುಂಡಿ

ಬೆಂಗಳೂರಿನ ಹೆಸರಲ್ಲೇ ಒಂದು ಗೊಬ್ಬರ ಇದೆ ಅಂದರೆ ಬೆಂಗಳೂರಿನವರೇ ನಂಬಲ್ಲ. ಕೃಷಿ ಕಾಲೇಜಿನಲ್ಲಿ ಓದಿದವರಿಗೆ ಗೊತ್ತಿರುತ್ತದೆ. ಇಂಗ್ಲಿಷ್ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರ ತನಕ ಇಂದೋರಿನಲ್ಲಿದ್ದಾಗ ರೂಪಿಸಿದ್ದು ಇಂದೋರ್ ವಿಧಾನ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ 1939ರಲ್ಲಿ ರೂಪಿಸಿದ್ದು ಬೆಂಗಳೂರು ವಿಧಾನ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ನನ್ನ ಪ್ರಶ್ನೆಯೇ: ಮಗುಚಬೇಕಾ, ಬೇಡವಾ?

ಇಂದೋರ್ ವಿಧಾನದಲ್ಲಿ ಗಾಳಿಯಾಡಬೇಕು. ಪದರ ಪದರವಾಗಿ ಹಾಕಿ, ಸಗಣಿ ಬಗ್ಗಡ ಎರಚಿ, ಹದಿನೈದು ದಿನಕ್ಕೆ ಮೊದಲ ಸಲ ಮಗುಚಬೇಕು. ಮತ್ತೆ ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಅದಾಗಿ ತಿಂಗಳಿಗೆ ಮೂರನೇ ಸಲ. ಮೂರು ತಿಂಗಳ ಹೊತ್ತಿಗೆ ಗೊಬ್ಬರ ಸಿದ್ಧ. ಬೆಂಗಳೂರು ವಿಧಾನದಲ್ಲಿ ಗುಂಡಿ ತೆಗೆದು, ಪದರ ಹಾಕಿ, ಮೇಲೆ ಕೆಸರು ಮಣ್ಣು ಮೆತ್ತಿ ಮುಚ್ಚಿಬಿಡೋದು. ಮೊದಲ ವಾರ, ಹತ್ತು ದಿನ ಒಳಗಿನ ಗಾಳಿಯಲ್ಲೇ ಬಿಸಿಯಾಗುತ್ತದೆ. ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುತ್ತದೆ. ಆರರಿಂದ ಎಂಟು ತಿಂಗಳು. ಮಗುಚೋದು ಅಂತ ಇಲ್ಲವೇ ಇಲ್ಲ. ಆಗಿನ ಕಾಲದಲ್ಲಿ ಊರಿನ ಕಸದ ಜೊತೆ ಮಲವನ್ನೂ ಪದರವಾಗಿ ಹಾಕುತ್ತಿದ್ದರು, ಪುರಸಭೆಗಳಿಗೆ ಅಂತಲೇ ಮಾಡಿದ ವಿಧಾನ ಅದು. ನಾವು ಅದರ ಬದಲು ಸಗಣಿ ಬಗ್ಗಡ, ಅಡುಗೆಮನೆಯ ಹಸಿ ಕಸ ಬಳಸಿದೆವು.

ಕನಕಪುರ ರಸ್ತೆ ಕಡೆಯ ಒಂದು ಹಳೇ ಮನೆ. ದೊಡ್ಡ ಕಾಂಪೌಂಡು, ಮಾವು, ಹಲಸು, ಹೊಂಗೆ ಎಲ್ಲ ಇವೆ. ಯಜಮಾನರು ನಿವೃತ್ತರು, ಇಂಥ ಪ್ರಯೋಗ ಅಂದರೆ ಬಲು ಆಸಕ್ತಿ. ಅಲ್ಲಿ ಒಂದೇ ಎಲೆ, ಒಂದೇ ಬಗ್ಗಡ, ಒಂದು ಮೂಲೆಗೆ ಗುಡ್ಡೆ, ಇನ್ನೊಂದು ಮೂಲೆಗೆ ಗುಂಡಿ ಮಾಡಿದೆವು.

ಗುಡ್ಡೆ ಎದೆಮಟ್ಟಕ್ಕೆ ಇತ್ತು. ಸಣ್ಣ ಗುಡ್ಡೆ ಬಿಸಿಯೇರಲ್ಲ, ಎತ್ತರ, ಅಗಲ, ಉದ್ದ ಮೂರೂ ಕನಿಷ್ಠ ಮೂರು ಅಡಿ ಇರಲೇಬೇಕು. ಮೂರ್ನಾಲ್ಕು ದಿನ ಬಿಟ್ಟು ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿಟ್ಟೆವು. ಸ್ವಲ್ಪ ಹೊತ್ತಾದ ಮೇಲೆ ಎಳೆದರೆ ತುದಿ ಹಿಡಿದುಕೊಳ್ಳೋಕೆ ಆಗಲಿಲ್ಲ, ಹಬೆ ಬರುತ್ತಿತ್ತು. ಒಳಗಿನ ಎಲೆ ಮೇಲೆ ಬೂದಿ ಎರಚಿದ ಹಾಗೆ ಬೆಳ್ಳಗೆ ಪುಡಿ. ಅದು ಬೂಷ್ಟಲ್ಲ, ಬಿಸಿಯಲ್ಲೇ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ. ಅದು ಕಾಣಿಸಿಕೊಂಡಿತು ಅಂದರೆ ಗುಡ್ಡೆ ಸರಿದಾರಿಯಲ್ಲಿದೆ ಅಂತ ಲೆಕ್ಕ. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆ ಬೀಜಗಳೂ ಬಹುಪಾಲು ಸಾಯುತ್ತವೆ. ಹೂ ಬಿಟ್ಟ ಕಾಂಗ್ರೆಸ್ ಗಿಡವನ್ನು ಮಾತ್ರ ನಾನು ಆದರೂ ಹಾಕಲ್ಲ, ಗುಡ್ಡೆಯ ಅಂಚು ತಣ್ಣಗೇ ಇರುತ್ತೆ. ಜೇಕು ಅನ್ನೋ ಕಳೆಯ ಗಡ್ಡೆಯಂತೂ ಯಾವತ್ತೂ ಬೇಡ.

ಹದಿನೈದು ದಿನಕ್ಕೆ ಮಗುಚಿದೆವು. ಇಬ್ಬರಿಗೆ ಅರ್ಧ ದಿನದ ಕೆಲಸ. ಎರಡನೇ ಸಲಕ್ಕೆ ಸಲಿಕೆ ಹಿಡಿದಾಗ ನಮ್ಮ ಜೊತೆಯ ಹಿರಿಯಾಕೆ ಕೇಳಿದರು: "ಅಣ್ಣಾ, ಮೊನ್ನೆ ತಾನೆ ಮಗುಚಿದ್ವಲ್ಲ, ಮತ್ತೆ ಯಾಕೆ?" ಗಾಳಿ ಬೇಕು ಅಂತ ವಿವರಿಸಿದೆ. "ಗಾಳಿ ಬೇಕಾಗಿರೋದು ನಮಗೆ" ಅಂದರು. ಅವರ ಮಾತಲ್ಲಿ ನ್ಯಾಯ ಇದೆ. ಒಂದು ಕಾಂಪೌಂಡಿಗೆ ಪರವಾಗಿಲ್ಲ. ಹತ್ತು ಕಡೆ ಗುಡ್ಡೆ ಇದ್ದರೆ ತಂಡ ಬೇರೆ ಕೆಲಸ ಬಿಟ್ಟು ಮಗುಚೋದನ್ನೇ ಮಾಡಬೇಕಾಗುತ್ತೆ.

ಗುಂಡಿ ಮೂರಡಿ ಆಳ. ತೋಡೋದು ಮೈಮುರಿಯುವ ಕೆಲಸ, ಅದೊಂದು ಸಲ ಅಷ್ಟೇ. ತುಂಬಿ, ಕೆಸರು ಮೆತ್ತಿ, ಮೇಲೆ ತೆಂಗಿನ ಗರಿ ಹಾಸಿ ಬಿಟ್ಟೆವು. ಆಮೇಲೆ ಅತ್ತ ಯಾರೂ ತಲೆಹಾಕಲಿಲ್ಲ. ನಡುನಡುವೆ ಮಣ್ಣು ಬಿರುಕು ಬಿಟ್ಟರೆ ಒಂದು ಬಕೆಟ್ ಕೆಸರು ಬಳಿದರೆ ಆಯಿತು. ಮುಚ್ಚಿರುವ ತನಕ ವಾಸನೆ ಇಲ್ಲ. ತಡೆಯಲಾರದೆ ಅರ್ಧಕ್ಕೇ ತೆಗೆದು ನೋಡಿದರೆ ಮೂಗು ಮುಚ್ಚಿಕೊಳ್ಳಬೇಕು.

ಕೊನೆಗೆ ಎರಡನ್ನೂ ಜರಡಿ ಹಿಡಿದು ಪಕ್ಕಪಕ್ಕ ಸುರಿದು ನೋಡಿದೆವು. ಗುಡ್ಡೆಯದು ಪುಡಿಪುಡಿ, ಕೈಯಲ್ಲಿ ಹಿಡಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಗುಂಡಿಯದು ಕಪ್ಪಗೆ, ಸ್ವಲ್ಪ ಜಿಗುಟು, ನಾಲ್ಕು ದಿನ ನೆರಳಲ್ಲಿ ಹರವಿದ ಮೇಲೆ ಹದಕ್ಕೆ ಬಂತು. ಮಾವಿನ ಎಲೆಯ ನಡುದಿಂಡು ಎರಡರಲ್ಲೂ ಹಾಗೇ ಉಳಿದಿತ್ತು. ಆದರೆ ಅಷ್ಟೇ ಎಲೆ ಹಾಕಿದ್ದರೂ ಗುಂಡಿಯಿಂದ ಬಂದ ಗೊಬ್ಬರ ಕಣ್ಣಿಗೆ ಕಾಣುವಷ್ಟು ಜಾಸ್ತಿ. ಪುಸ್ತಕದಲ್ಲೂ ಹಾಗೇ ಇದೆ. ಮಗುಚಿದಷ್ಟೂ ಇಂಗಾಲ, ಸಾರಜನಕ ಗಾಳಿಗೆ ಹೋಗುತ್ತದೆ, ಮುಚ್ಚಿಟ್ಟದ್ದರಲ್ಲಿ ಉಳಿಯುತ್ತದೆ.

ಹಾಗಾದರೆ ಬೆಂಗಳೂರು ಗುಂಡಿಯೇ ಗೆದ್ದಿತಾ? ಎತ್ತುವ ಲೆಕ್ಕದಲ್ಲಿ, ಹೌದು. ಆದರೆ ಅದಕ್ಕೆ ಎರಡು ದೊಡ್ಡ ತೊಡಕು. ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಹವೆಗೆ ಅದು ಒಳ್ಳೆಯದಲ್ಲ. ಒಂದು ಮನೆಯ ಗುಂಡಿಯಿಂದ ಎಷ್ಟು ಮಹಾ ಅನ್ನಬಹುದು, ಆದರೂ ಪರಿಸರದ ಹೆಸರಲ್ಲಿ ಮಾಡುವಾಗ ತಿಳಿದಿರಬೇಕು. ಇನ್ನೊಂದು ಬೆಂಗಳೂರಿನದೇ ತೊಡಕು. ಬೆಂಗಳೂರು ವಿಧಾನಕ್ಕೆ ಈಗಿನ ಬೆಂಗಳೂರಲ್ಲಿ ಜಾಗ ಇಲ್ಲ. ಹೊಸ ಅಪಾರ್ಟ್‌ಮೆಂಟಿನ ತೋಟದ ಕೆಳಗೆ ಕಾರ್ ಪಾರ್ಕಿಂಗ್. ಎರಡಡಿ ಮಣ್ಣು, ಅದರ ಕೆಳಗೆ ಕಾಂಕ್ರೀಟ್. ಅಲ್ಲಿ ಗುದ್ದಲಿ ಹಾಕಿದರೆ ಮೊದಲು ಓಡಿ ಬರೋದು ಸೆಕ್ರೆಟರಿ. ಮಣ್ಣು ಇರುವ ಕಡೆಯೂ ಎತ್ತರದ ಜಾಗವೇ ಬೇಕು. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ತಗ್ಗಿನ ಗುಂಡಿ ಬಾವಿಯಾಗುತ್ತದೆ.

ಜಾಲರಿ ಗೂಡು

ಅಪಾರ್ಟ್‌ಮೆಂಟುಗಳಿಗೆ ನಾನು ಈಗ ಮೊದಲು ಹೇಳೋದು ಇದನ್ನೇ. ನಾಲ್ಕಡಿ ಎತ್ತರದ ವೆಲ್ಡ್ ಮೆಶ್ ಜಾಲರಿ ತಂದು, ಸುತ್ತಿ, ಎರಡು ತುದಿ ತಂತಿಯಿಂದ ಕಟ್ಟಿದರೆ ಮೂರು, ನಾಲ್ಕಡಿ ಅಗಲದ ಗೂಡು. ಅದನ್ನು ಎಲೆ ಬೀಳುವ ಮರದ ಕೆಳಗೇ ಇಡಬೇಕು. ಇದು ಮುಖ್ಯ. ಕಣ್ಣಿಗೆ ಕಾಣಬಾರದು ಅಂತ ಹಿಂದಿನ ಮೂಲೆಗೆ ಇಟ್ಟರೆ ಚೀಲ, ಹೊರೆ, ನಡಿಗೆ ಎಲ್ಲ ವಾಪಸ್ ಬರುತ್ತವೆ. ಮರದ ಕೆಳಗಿದ್ದರೆ ಗುಡಿಸಿ, ಮಂಕರಿಯಲ್ಲಿ ಎತ್ತಿ, ಸುರಿಯೋದು. ಗುಡಿಸೋದು ಬಿಟ್ಟರೆ ಎತ್ತೋದು ಒಂದೇ ಸಲ. ಎಚ್‌ಎಸ್‌ಆರ್ ಬಡಾವಣೆಯ ಪಾರ್ಕುಗಳ ಕಡೆ ಹೋದವರು ಇಂಥ ಎಲೆ ಗೂಡುಗಳನ್ನು ನೋಡಿರುತ್ತಾರೆ. ಅಲ್ಲಿನ ಸ್ವಚ್ಛ ಗ್ರಹ ಕಲಿಕಾ ಕೇಂದ್ರದಲ್ಲಿ ಇಂಥ ಹತ್ತಾರು ನಮೂನೆಯ ಗೊಬ್ಬರದ ತೊಟ್ಟಿಗಳನ್ನು ಒಂದೇ ಕಡೆ ಇಟ್ಟಿದ್ದಾರೆ. ಕೊಳ್ಳುವ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ.

ಗೂಡಿಗೆ ಸುತ್ತಲೂ ಗಾಳಿ ಆಡುವುದರಿಂದ ಮಗುಚದಿದ್ದರೂ ನಡೆಯುತ್ತದೆ, ನಿಧಾನ ಅಷ್ಟೇ. ಬೇಸಿಗೆಯಲ್ಲಿ ಅದೇ ಗಾಳಿ ಎಲೆಯನ್ನು ಒಣಗಿಸಿಬಿಡುತ್ತದೆ. ಒಣಗಿದ ಎಲೆ ಕೊಳೆಯೋದೇ ಇಲ್ಲ. ಅದಕ್ಕೆ ಎಲೆ ತುಂಬುವಾಗಲೇ ನೆನೆಸಬೇಕು, ಮೇಲಿಂದ ಸುಮ್ನೆ ಪೈಪ್ ಹಿಡಿದರೆ ನೀರು ಬದಿಯಿಂದ ಹರಿದು ಹೋಗುತ್ತದೆ. ಮುಷ್ಟಿಯಲ್ಲಿ ಎಲೆ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನಡುವೆ ನಡುವೆ ಹುಳಿ ಮಜ್ಜಿಗೆಯೋ ಸಗಣಿ ಬಗ್ಗಡವೋ ಹಾಕುತ್ತೇವೆ. ತುಂಬಿದ ಗೂಡು ಒಂದೂವರೆ ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮತ್ತೆ ತುಂಬಿ. ಮುಂಗಾರು ಹಿಡಿದ ಮೇಲೆ ಕೆಲಸ ತಾನಾಗಿ ಚುರುಕಾಗುತ್ತದೆ. ದಸರಾ ಹೊತ್ತಿಗೆ ಜಾಲರಿ ಬಿಚ್ಚಿದರೆ ತಳದಲ್ಲಿ ಕಪ್ಪು ಗೊಬ್ಬರ, ಮೇಲಿನ ಅರೆಬೆಂದದ್ದು ಮುಂದಿನ ಗೂಡಿನ ತಳಕ್ಕೆ.

ಯಾವ ಎಲೆ ಅನ್ನೋದರ ಮೇಲೂ ಇದೆ. ಹೊಂಗೆ ಬಂಗಾರ. ದ್ವಿದಳ ಜಾತಿ, ಸಾರಜನಕ ಇರುತ್ತೆ, ಬೇಗ ಕರಗುತ್ತೆ. ರೈತರು ಹಸಿರೆಲೆ ಗೊಬ್ಬರಕ್ಕೆ ಹೊಂಗೆ ಸೊಪ್ಪು ಹುಡುಕಿಕೊಂಡು ಹೋಗೋದು ಸುಮ್ನೆ ಅಲ್ಲ. ಮಳೆಮರದ ಪುಟ್ಟ ಎಲೆಯೂ ಒಳ್ಳೆಯದು. ಮಾವು, ಹಲಸು, ಸಿಲ್ವರ್ ಓಕ್ ದಪ್ಪ ಚರ್ಮದವು, ಇವಕ್ಕೆ ಇನ್ನೊಂದು ಮಳೆಗಾಲ ಬೇಕಾದರೂ ಆಶ್ಚರ್ಯವಿಲ್ಲ.

ಶ್ರೆಡ್ಡರ್ ಮೆಷಿನ್, ಆಮೇಲೆ ಬುಡಕ್ಕೆ ಹೊದಿಕೆ

ಮೆಷಿನ್ ಅಂದರೆ ಕಮಿಟಿಗಳಿಗೆ ಪ್ರೀತಿ. ಉದ್ಘಾಟನೆ ಮಾಡಬಹುದು, ಫೋಟೊ ತೆಗೆಸಿಕೊಳ್ಳಬಹುದು. ಪುಡಿ ಮಾಡಿದರೆ ಎಲೆಯ ಗಾತ್ರ ಎಷ್ಟೋ ಪಟ್ಟು ಇಳಿಯುತ್ತದೆ, ಕೊಳೆಯೋದೂ ಬೇಗ. ಹೆಡ್ಜ್ ಕಟಿಂಗ್, ಹೆಬ್ಬೆರಳು ಗಾತ್ರದ ಕೊಂಬೆಗಳಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ, ಒಪ್ಪಿಕೊಳ್ಳಬೇಕು.

ಆದರೆ ಮೆಷಿನ್ ಒಂದು ಕಡೆ ಕೂತಿರುತ್ತದೆ. ಕಸವನ್ನೆಲ್ಲ ಅದರ ಹತ್ತಿರ ಒಯ್ಯಬೇಕು, ಒಂದೊಂದೇ ಹಿಡಿ ಬಾಯಿಗೆ ಕೊಡಬೇಕು, ಪುಡಿಯನ್ನು ಮತ್ತೆ ತುಂಬಿ ಬೇರೆ ಕಡೆ ಸುರಿಯಬೇಕು. ಎತ್ತುವ ಲೆಕ್ಕ ನೋಡಿದರೆ ಟೆಂಪೋಗಿಂತ ಭಾರಿ ವಾಸಿ ಏನಲ್ಲ. ಸದ್ದಂತೂ ಮೂರನೇ ಮಹಡಿಗೂ ಕೇಳುತ್ತೆ. ಮಧ್ಯಾಹ್ನ ಮಲಗುವವರು, ಮನೆಯಿಂದ ಆಫೀಸ್ ಕೆಲಸ ಮಾಡುವವರು, ಎಲ್ಲರದ್ದೂ ಫೋನ್ ಬರುತ್ತೆ. ಒದ್ದೆ ಎಲೆ ಹಾಕಿದರೆ ಬ್ಲೇಡಿಗೆ ಮೆತ್ತಿಕೊಳ್ಳುತ್ತೆ. ತೆಂಗಿನ ಗರಿ ಹಾಕಿದರೆ ನಾರು ಶಾಫ್ಟಿಗೆ ಸುತ್ತಿ ಮೋಟಾರು ಕೂಗಿಕೊಂಡು ನಿಲ್ಲುತ್ತೆ. ಆಮೇಲೆ ಕರೆಂಟ್ ತೆಗೆದು, ಚಾಕು ಹಿಡಿದು ನಾರು ಬಿಡಿಸುತ್ತಾ ಕೂರಬೇಕು. ಕನ್ನಡಕ, ಕೈಗವಸು ಇಲ್ಲದೆ ನಾನು ಯಾರನ್ನೂ ಮೆಷಿನ್ ಹತ್ತಿರ ಬಿಡಲ್ಲ. ನಾನು ನೋಡಿದ ಅಪಾರ್ಟ್‌ಮೆಂಟ್ ಮೆಷಿನ್‌ಗಳಲ್ಲಿ ಬಳಕೆಯಲ್ಲಿ ಇರುವುದಕ್ಕಿಂತ ಮುಸುಕು ಹಾಕಿಕೊಂಡು ಕೂತವೇ ಜಾಸ್ತಿ.

ಮೆಷಿನ್‌ಗಿಂತ ನನಗೆ ಅದರ ಮುಂದಿನ ಹೆಜ್ಜೆಯೇ ಇಷ್ಟ, ಅಂದರೆ ಹೊದಿಕೆ. ಪುಡಿ ಮಾಡಿ ಹಾಕಿದರೆ ನೋಡೋಕೆ ಚೆಂದ. ಮಾಡದೆ ಎಲೆಯನ್ನೇ ಗಿಡದ ಪಾತಿಗೆ ಹಾಕಿದರೂ ಕೆಲಸ ನಡೆಯುತ್ತದೆ. ಗುಡಿಸಿದ್ದು ನೇರ ಬುಡಕ್ಕೆ. ಎತ್ತು ಒಂದೇ, ಕೆಲವು ಸಲ ಅದೂ ಇಲ್ಲ, ಪೊರಕೆಯಲ್ಲೇ ತಳ್ಳಿದರೆ ಮುಗಿಯಿತು. ಎರಡು ಮೂರು ಇಂಚು ದಪ್ಪ ಇದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ನೀರು ಹಾಕುವ ಸರದಿ ಒಂದೆರಡು ದಿನ ಮುಂದಕ್ಕೆ ಹೋಗುತ್ತದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವವರಿಗೆ ಇದರ ಬೆಲೆ ಗೊತ್ತು. ಕಾಂಡಕ್ಕೆ ಮಾತ್ರ ಒತ್ತಿ ಹಾಕಬಾರದು, ಒಂದು ಗೇಣು ಬಿಟ್ಟು ಹಾಕಬೇಕು. ಇಲ್ಲದಿದ್ದರೆ ಮಳೆಗಾಲಕ್ಕೆ ತೊಗಟೆ ಕೊಳೆಯುತ್ತದೆ.

ಇಷ್ಟು ಸುಲಭದ ಕೆಲಸಕ್ಕೆ ವಿರೋಧ ಮಾತ್ರ ಎಲ್ಲಕ್ಕಿಂತ ಜಾಸ್ತಿ. ಒಂದು ಅಪಾರ್ಟ್‌ಮೆಂಟಿನಲ್ಲಿ ಹಿರಿಯರೊಬ್ಬರು ವಾಕಿಂಗ್ ನಿಲ್ಲಿಸಿ ಕೇಳಿದರು: "ಅಲ್ಲಪ್ಪಾ, ಗುಡಿಸೋಕೆ ಅಂತ ದುಡ್ಡು ಕೊಡ್ತೀವಿ, ನೀನು ಗುಡಿಸಿದ್ದನ್ನ ಅಲ್ಲೇ ಗಿಡದ ಬುಡಕ್ಕೆ ಹಾಕ್ತಿದ್ದೀಯಲ್ಲ?" ಉತ್ತರ ಕನ್ನಡದ ಅಡಿಕೆ ತೋಟದವರು ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ. ಅಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. ಬೆಟ್ಟ ಹತ್ತಿ ಸೊಪ್ಪು, ತರಗೆಲೆ ಹೊತ್ತು ತಂದು ತೋಟಕ್ಕೆ ಹಾಕುತ್ತಾರೆ. ಇಲ್ಲಿ ಬುಡದಲ್ಲೇ ಬಿದ್ದದ್ದನ್ನು ಹೊರಗೆ ಹಾಕೋಕೆ ಕೂಲಿ ಕೊಡುತ್ತೇವೆ, ಆಮೇಲೆ ಚೀಲದ ಗೊಬ್ಬರಕ್ಕೂ ದುಡ್ಡು ಕೊಡುತ್ತೇವೆ. ಹಿರಿಯರ ತಕರಾರಿಗೆ ನಾವು ಕಂಡುಕೊಂಡ ಉಪಾಯ ಇಷ್ಟೇ: ಪಾತಿಯ ಅಂಚಿಗೆ ಇಟ್ಟಿಗೆ ಸಾಲು ಇಟ್ಟು, ಎಲೆ ಮೇಲೆ ಒಂದು ತೆಳು ಪದರ ತೆಂಗಿನ ನಾರಿನ ಪುಡಿ ಉದುರಿಸೋದು. ಆಗ ಅದು ಕಸ ಅಲ್ಲ, ಅಲಂಕಾರ.

ನಿಜವಾದ ತೊಂದರೆ ಬೇರೆ ಇದೆ. ಆಫ್ರಿಕನ್ ದೈತ್ಯ ಬಸವನಹುಳು. ಮಳೆಗಾಲದಲ್ಲಿ ಒದ್ದೆ ಹೊದಿಕೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ರಾತ್ರಿ ಹೊರಟು ಎಳೇ ಗಿಡ ಬೋಳಿಸಿಬಿಡುತ್ತದೆ. ಹುಳುವಿನ ಕಾಟ ಇರುವ ಕಡೆ ಜೂನ್‌ನಿಂದ ಹೊದಿಕೆ ತೆಳುವಾಗಿಸುತ್ತೇವೆ, ಸಂಜೆ ಪಪ್ಪಾಯಿ ಎಲೆ ಅಥವಾ ಕೋಸಿನ ಎಲೆ ಇಟ್ಟು, ಅದರಡಿ ಸೇರಿದವನ್ನು ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕುತ್ತೇವೆ. ಮಕ್ಕಳು ಆಡುವ ಕಡೆ ಹಾವಿನ ಭಯ ಅಂತ ಹೇಳುವವರೂ ಇದ್ದಾರೆ. ಅಲ್ಲಿ ವಾದ ಮಾಡಲ್ಲ, ಹೊದಿಕೆ ಹಾಕಲ್ಲ.

ಹುಲ್ಲುಹಾಸಿನ ವಿಷಯ ಎರಡೇ ಮಾತಲ್ಲಿ ಮುಗಿಯುತ್ತದೆ. ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡಿ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸದಿದ್ದರೆ ಚೂರುಗಳು ಬುಡಕ್ಕೆ ಇಳಿದು ಕೆಲವೇ ದಿನದಲ್ಲಿ ಕಾಣದ ಹಾಗಾಗುತ್ತವೆ. ಒಣ ತೂಕದಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲು ಸಾರಜನಕ ಅದರಲ್ಲಿದೆ, ಯೂರಿಯಾ ಅಷ್ಟರಮಟ್ಟಿಗೆ ಉಳಿಯುತ್ತದೆ. ಎತ್ತು ಸೊನ್ನೆ. ಮಳೆಯಲ್ಲಿ ಹದಿನೈದು ದಿನ ಬಿಟ್ಟು ಉದ್ದ ಬೆಳೆದದ್ದನ್ನು ಕತ್ತರಿಸಿದಾಗ ಮಾತ್ರ ಎತ್ತಲೇಬೇಕು, ಆಗ ಬೇಸಿಗೆಯಲ್ಲಿ ಚೀಲಕ್ಕೆ ತುಂಬಿಟ್ಟ ಒಣ ಎಲೆ ಜೊತೆ ಗೂಡಿಗೆ.

ಎರೆಹುಳು

ಎರೆಗೊಬ್ಬರದ ಮೇಲೆ ಜನಕ್ಕಿರುವ ಮೋಹ ನೋಡಿ ನಾವೂ ಒಂದು ಅಪಾರ್ಟ್‌ಮೆಂಟಿನಲ್ಲಿ ತೊಟ್ಟಿ ಕಟ್ಟಿಸಿದೆವು. ಗೊಬ್ಬರದ ಗುಣದ ಬಗ್ಗೆ ಮಾತಿಲ್ಲ. ಚಹಾಪುಡಿ ಥರ ಕಾಳುಕಾಳಾಗಿ ಬರುತ್ತದೆ, ಕುಂಡದ ಗಿಡಗಳಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಯೂಡ್ರಿಲಸ್, ಐಸೇನಿಯಾ ಜಾತಿಯ ಹುಳುಗಳು ಇಲ್ಲಿ ಸುಲಭವಾಗಿ ಸಿಗುತ್ತವೆ.

ಆದರೆ ಹುಳುಗಳಿಗೆ ತರಗೆಲೆ ನೇರ ಬೇಡ. ಮೊದಲು ಬೇರೆ ಕಡೆ ಎರಡು ಮೂರು ವಾರ ಅರ್ಧ ಕೊಳೆಸಬೇಕು, ಅದರ ಬಿಸಿ ಇಳಿಯಬೇಕು, ಸಗಣಿ ಬೆರೆಸಬೇಕು, ಆಮೇಲೆ ತೊಟ್ಟಿಗೆ. ಅಂದರೆ ಗೂಡಿನ ಕೆಲಸ ಪೂರ್ತಿ ಇದೆ, ಅದರ ಮೇಲೆ ಇದೊಂದು. ಎತ್ತು ದುಪ್ಪಟ್ಟು. ಬಿಸಿ 35 ಡಿಗ್ರಿ ದಾಟಿದರೆ ಹುಳು ಕಷ್ಟಪಡುತ್ತವೆ, ನೆರಳು ಬೇಕು, ಗೋಣಿಚೀಲ ಸದಾ ಒದ್ದೆ ಇರಬೇಕು. ಇರುವೆ ಬರುತ್ತದೆ, ಇಲಿ ಬರುತ್ತದೆ, ಹೆಗ್ಗಣ ಬರುತ್ತದೆ. ಸಾಲು ರಜೆ ಬಂದು ಮಾಲಿ ಊರಿಗೆ ಹೋದರೆ ತೊಟ್ಟಿ ನೋಡುವವರಿಲ್ಲ. ಒಬ್ಬರಾದರೂ ನಿವಾಸಿ ಇದನ್ನು ತಮ್ಮದು ಅಂದುಕೊಂಡರೆ ಮಾಡಿ. ನಮ್ಮ ತೊಟ್ಟಿ ಉಳಿದಿರೋದು ಅಲ್ಲಿನ ಒಬ್ಬ ನಿವೃತ್ತ ಮೇಷ್ಟ್ರ ಕಾಳಜಿಯಿಂದ. ನಮ್ಮಿಂದ ಅಲ್ಲ.

ಬಾಟಲಿಯಲ್ಲಿ ಬರುವ ಡೀಕಂಪೋಸರ್‌ಗಳ, ಅಂದರೆ ಕಸ ಕೊಳೆಸುವ ಸೂಕ್ಷ್ಮಜೀವಿಗಳ ಬಗ್ಗೆಯೂ ಕೇಳುತ್ತಾರೆ. ಗಾಜಿಯಾಬಾದಿನ ರಾಷ್ಟ್ರೀಯ ಸಾವಯವ ಕೃಷಿ ಕೇಂದ್ರದ್ದು 20 ರೂಪಾಯಿಗೆ ಸಿಗುತ್ತಿತ್ತು. 200 ಲೀಟರ್ ನೀರಿಗೆ ಎರಡು ಕಿಲೋ ಬೆಲ್ಲ ಹಾಕಿ ಬೆಳೆಸಿಕೊಳ್ಳೋದು. ಒಂದು ಗೂಡಿಗೆ ಅದು, ಪಕ್ಕದ್ದಕ್ಕೆ ಸಗಣಿ ಬಗ್ಗಡ, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಬರೀ ನೀರು ಹಾಕಿ ನೋಡಿದೆವು. ಮೊದಲೆರಡರ ನಡುವೆ ನನಗೆ ವ್ಯತ್ಯಾಸ ಕಾಣಲಿಲ್ಲ. ಬರೀ ನೀರಿನದು ಸ್ವಲ್ಪ ಹಿಂದೆ ಬಿತ್ತು, ಅಷ್ಟೇ. ನೂರಾರು ರೂಪಾಯಿಯ ಬಾಟಲಿ ಮಾರೋಕೆ ಬಂದವರಿಗೆ ಇದನ್ನೇ ಹೇಳಿ ಕಳಿಸುತ್ತೇನೆ.

ಯಾರಿಗೆ ಯಾವುದು

ಮಣ್ಣಿನ ಮೇಲೆ ನಿಂತ ಹಳೇ ಮನೆ, ದೊಡ್ಡ ಕಾಂಪೌಂಡು ಇದ್ದರೆ ಬೆಂಗಳೂರು ಗುಂಡಿ ಎರಡು ತೋಡಿ. ಒಂದು ಮಾಗುವಾಗ ಇನ್ನೊಂದು ತುಂಬುತ್ತದೆ. ಕೆಳಗೆ ಪಾರ್ಕಿಂಗ್ ಇರುವ ಅಪಾರ್ಟ್‌ಮೆಂಟಿಗೆ ಹೊದಿಕೆ ಮೊದಲು, ಮಿಕ್ಕದ್ದು ಮರದಡಿಯ ಜಾಲರಿ ಗೂಡಿಗೆ. ನೂರಾರು ಮೀಟರ್ ಹೆಡ್ಜ್ ಇದ್ದರೆ ಮೆಷಿನ್ ಯೋಚಿಸಬಹುದು, ಆದರೆ ಕೊಳ್ಳೋದಕ್ಕಿಂತ ಅಕ್ಕಪಕ್ಕದ ನಾಲ್ಕು ಅಪಾರ್ಟ್‌ಮೆಂಟ್ ಸೇರಿ ತಿಂಗಳಿಗೊಮ್ಮೆ ಬಾಡಿಗೆಗೆ ತರಿಸೋದು ಲೇಸು. ಇಂದೋರ್ ಗುಡ್ಡೆ, ಬೇಗ ಗೊಬ್ಬರ ಬೇಕಾದವರಿಗೆ ಮತ್ತು ಮಗುಚೋಕೆ ಮೈಬಗ್ಗಿಸುವವರಿಗೆ.

ಗುತ್ತಿಗೆಯ ಕಾಗದದಲ್ಲಿ ಒಂದು ಸಾಲು ಸೇರಿಸಿ: ಕಸ ಹೊರಗೆ ಹೋದರೆ ಪ್ರತಿ ಗಾಡಿಗೆ ಬೇರೆ ಬಿಲ್ಲು, ಎಲ್ಲಿ ಸುರಿದರು ಅನ್ನೋದಕ್ಕೆ ರಸೀದಿ. ಒಳಗೇ ಗೊಬ್ಬರ ಮಾಡಿದರೆ ಅದಕ್ಕೆ ತಿಂಗಳಿಗೆ ಇಷ್ಟು ಅಂತ ಕೂಲಿ. ಈಗಿನ ಪದ್ಧತಿಯಲ್ಲಿ ಎರಡಕ್ಕೂ ಒಂದೇ ದುಡ್ಡು. ಹೀಗಿದ್ದಾಗ ಯಾವ ಮಾಲಿ ಮಗುಚುತ್ತಾ ಕೂರುತ್ತಾನೆ? ನಮ್ಮ ಎರಡು ಅಪಾರ್ಟ್‌ಮೆಂಟಿನಲ್ಲಿ ಈ ಸಾಲು ಬಂದ ಮೇಲೆ ಗಾಡಿ ಕರೆಸೋದು ತೆಂಗಿನ ಗರಿಗೆ ಮಾತ್ರ.

ಗರಿಗೆ ಇನ್ನೂ ಒಳ್ಳೇ ದಾರಿ ಸಿಕ್ಕಿಲ್ಲ. ಕಡ್ಡಿ ಬಿಡಿಸಿಕೊಂಡು ಪೊರಕೆ ಮಾಡಿಕೊಳ್ಳುವ ಹೆಂಗಸರು ಒಂದಿಷ್ಟು ಒಯ್ಯುತ್ತಾರೆ, ಮಟ್ಟೆಯನ್ನು ನೀರೊಲೆಗೆ ಕೇಳಿಕೊಂಡು ಬರುವವರು ಈಗ ಕಮ್ಮಿ. ಹಸು ಸಾಕುವವರು ಬಳಸುವ ಮೇವು ಕತ್ತರಿಸುವ ಯಂತ್ರದಲ್ಲಿ ಗರಿ ಚೆನ್ನಾಗಿ ತುಂಡಾಗುತ್ತದೆ, ಶ್ರೆಡ್ಡರಿನ ಹಾಗೆ ಸುತ್ತಿಕೊಳ್ಳಲ್ಲ. ಸದ್ಯಕ್ಕೆ ತಲಘಟ್ಟಪುರದ ಕಡೆ ಹಸು ಸಾಕಿರುವ ಒಬ್ಬರ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಕೇಳಿದ್ದೇವೆ. ಬೆಳಗಿನ ಹಾಲು ಕರೆದು ಮುಗಿಸಿದ ಮೇಲೆ ಕೊಡ್ತೀನಿ ಅಂದಿದ್ದಾರೆ.